ಅತ್ತೆ ಮುರಿದ ಕೊಂಬೆ

ಹೊಗೆ ಕಣ್ಣಿಗೆ ಬಂದದ್ದು ಒಳ್ಳೆಯದೇ ಆಯಿತು ಎಂದುಕೊಂಡ ಚಾಮರಾಜ. ಹಿತ್ತಲಿನ ಬಾರ್ಬೆಕ್ಯೂ ಒಲೆಯ ಕಾದ ತಟ್ಟೆಯ ಮೇಲೆ ಜೋಳದ ತೆನೆಗಳ ಬೆಣ್ಣೆ ಸುರಿದು ಚಟಚಟ ಎನ್ನುತ್ತಿತ್ತು, ಬೇಲಿಯ ಆಚೆ ಪಕ್ಕದ ಮನೆಯವನು ಎಲೆ ಊದುವ ಯಂತ್ರ ಹಿಡಿದು ಭರ್ರೆನ್ನಿಸುತ್ತಿದ್ದ, ಇಷ್ಟು ಸದ್ದಿನ ನಡುವೆಯೂ ಬೆನ್ನ ಹಿಂದಿನ ನೆರಳಿನಿಂದ ಅತ್ತೆಯ ದನಿ ನೇರವಾಗಿ ಕಿವಿಗೇ ಬಂದು ಬೀಳುತ್ತಿತ್ತು. ಜಪಾನಿನ ಕಥೆ ಶುರುವಾಗಿತ್ತು. ಈಸ್ಟರ್ ರಜೆಯ ನಾಲ್ಕು ದಿನ ಅತ್ತೆ ಮಾವರನ್ನು ಕರೆದುಕೊಂಡು, ಹೆಂಡತಿ ಮಗಳ ಸಮೇತ, ಹೂ ನೋಡಲು ಪರ್ತ್‌ನಿಂದ ಟೋಕಿಯೊಗೆ ಹೋಗಿ ಬಂದು ಇಂದಿಗೆ ಆರು ದಿನ. ಈ ಆರು ದಿನವೂ ಅತ್ತೆ ಆ ಶನಿವಾರದ ಉದ್ಯಾನದ ಬಗ್ಗೆ ಯಾರೆದುರೂ ತುಟಿ ಬಿಚ್ಚಿರಲಿಲ್ಲ. ಗದರಿದ್ದರೆ, ಅತ್ತಿದ್ದರೆ, ಮಗಳ ಹತ್ತಿರ ಒಂದಕ್ಕೆರಡು ಮಾಡಿ ಹೇಳಿದ್ದರೆ ಅವನಿಗೂ ಒಂದು ದಾರಿಯಿರುತ್ತಿತ್ತು. ಇಲ್ಲ ಅನ್ನಬಹುದಿತ್ತು, ಕಾಲಿಗೆ ಬೀಳಬಹುದಿತ್ತು. ಅವರು ಎಂದಿನಂತೆ ಬೆಳಿಗ್ಗೆ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮುಗಿಸಿ, ಹಣೆಯಲ್ಲಿ ಮೂರು ಬೆರಳು ವಿಭೂತಿ ಧರಿಸಿ, ಅವನ ತಟ್ಟೆಗೇ ಮೊದಲ ರೊಟ್ಟಿ ಹಾಕುತ್ತಿದ್ದರು. ಅವರಿಗೆ ಎಷ್ಟು ಅರ್ಥವಾಗಿದೆ ಎಂಬುದೊಂದು ಗೊತ್ತಾಗಿದ್ದರೆ ಸಾಕಿತ್ತು. ಗೊತ್ತಾಗದೆ ಆರು ರಾತ್ರಿ ಅವನಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ.

"ಅಂಕಲ್ ಬರೀ ಟ್ರೈನು ಟ್ರೈನು ಅಂತಿದಾರೆ. ಹೂ ಹೇಗಿತ್ತು ಹೇಳಿ ಆಂಟಿ," ಎಂದಳು ಗೀತಾ. ಅವಳೂ ಅವಳ ಗಂಡ ಉದಯಶಂಕರನೂ ಹೋದ ವರ್ಷ ಬ್ರಿಸ್ಬೇನಿನ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್ ಬಿಟ್ಟು ಇಲ್ಲಿ ಪರ್ತ್‌ನ ಎಲೆನ್‌ಬ್ರೂಕಿಗೆ, ಎರಡು ಬೀದಿ ಆಚೆಗೆ ಬಂದವರು. ಅಲ್ಲಿಯ ರೈಲು, ಅಲ್ಲಿಯ ಕೆರೆ, ಅಲ್ಲಿಯ ಕನ್ನಡದವರು ಎಲ್ಲವೂ ಇಲ್ಲಿಗಿಂತ ಒಂದು ಕೈ ಮೇಲು ಎಂದು ಇಬ್ಬರೂ ನಂಬಿದ್ದರು.

"ಹೂ ಚೆನ್ನಾಗಿತ್ತಮ್ಮ. ಒಂದೆಲೆ ಇಲ್ಲ, ಮರದ ತುಂಬ ಬರೀ ಹೂವು. ಆದ್ರೆ ವಾಸ್ನೆ ಇಲ್ಲ," ಎಂದರು ಅತ್ತೆ.

"ಟ್ರೈನು ಒಂದು ನಿಮಿಷ ಲೇಟಾಯ್ತು ಅಂತ ಮೈಕಲ್ಲಿ ಕ್ಷಮಾಪಣೆ ಕೇಳಿದ್ರು ಕಣ್ರೀ," ಎಂದು ಮಾವ ಶಂಕರಪ್ಪನವರು ಮತ್ತೆ ಹಳಿಗೇ ಬಂದರು. "ನಮ್ಮ ಚಾಮರಾಜನಗರದ ಪ್ಯಾಸೆಂಜರಿನೋರು ಹಾಗೆ ಕೇಳೋಕೆ ಶುರು ಮಾಡಿದ್ರೆ ಬೆಳಗ್ಗಿಂದ ಸಾಯಂಕಾಲದವರೆಗೂ ಬೇರೆ ಕೆಲ್ಸಾನೇ ಮಾಡೋ ಹಾಗಿಲ್ಲ."

ಎಲ್ಲರೂ ನಕ್ಕರು. ಚಾಮರಾಜನೂ ಬೇಲಿಯ ಕಡೆಗೆ ಮುಖ ಮಾಡಿಕೊಂಡೇ ನಕ್ಕ. ನಗುವಾಗ ಅತ್ತೆ ತನ್ನ ಬೆನ್ನನ್ನು ನೋಡುತ್ತಿದ್ದಾರೆ ಎನ್ನಿಸಿ ಹೆಗಲು ತಾನೇ ತಾನಾಗಿ ಬಿಗಿಯಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ಇಲ್ಲಿ ಕಳ್ಳ ಎಂದು ಯಾರೂ ಇನ್ನೂ ಅಂದೂ ಇರಲಿಲ್ಲ.

ದೇವಮ್ಮಣ್ಣಿಯವರು, ಅಂದರೆ ಅವನ ಅತ್ತೆ, ಈ ಮನೆಗೆ ಬಂದಾಗಲೆಲ್ಲ ಚಾಮರಾಜನಿಗೆ ಎರಡಂಗುಲ ಎತ್ತರವಾದಂತೆ ಆಗುತ್ತಿತ್ತು. ಆಫೀಸಿನಲ್ಲಿ ಅವನ ಹೆಸರನ್ನು ಪೂರ್ತಿ ಹೇಳಲಾರದೆ ಎಲ್ಲರೂ ಚ್ಯಾಂಪ್ ಎನ್ನುತ್ತಿದ್ದರು. ಈ ದೇಶದಲ್ಲಿ ನಾಯಿಯನ್ನೂ, ಸೋತ ಹುಡುಗರನ್ನೂ ಬೆನ್ನು ತಟ್ಟಿ ಹಾಗೇ ಕರೆಯುತ್ತಾರೆ ಎಂದು ತಿಳಿಯಲು ಅವನಿಗೆ ಎರಡು ವರ್ಷ ಹಿಡಿದಿತ್ತು. ಮೀಟಿಂಗಿನಲ್ಲಿ ಅವನು ಹೇಳಿದ ಮಾತನ್ನೇ ಐದು ನಿಮಿಷ ಬಿಟ್ಟು ಇನ್ನೊಬ್ಬ ಹೇಳಿದಾಗ ಎಲ್ಲರೂ ತಲೆದೂಗುತ್ತಿದ್ದರು. ಮನೆಯಲ್ಲಿ ಹನ್ನೊಂದು ವರ್ಷದ ಮಗಳು ಅದಿತಿ ಅವನ ಉಚ್ಚಾರ ತಿದ್ದುತ್ತಿದ್ದಳು. ಹೆಂಡತಿ ತನುಶ್ರೀ ಮೋರ್ಲಿಯ ಔಷಧಿ ಅಂಗಡಿಯಲ್ಲಿ ಇಡೀ ದಿನ ಗಿರಾಕಿಗಳ ಎದುರು ನಗುತ್ತ ನಿಂತು ಬಂದವಳು, ಮನೆಗೆ ಬರುವ ಹೊತ್ತಿಗೆ ಅವಳ ಹತ್ತಿರ ನಗು ಉಳಿದಿರುತ್ತಿರಲಿಲ್ಲ. ಅವಳದ್ದೂ ತಪ್ಪಲ್ಲ. ಅತ್ತೆಯೊಬ್ಬರು ಮಾತ್ರ ಅವನು ಕೋಣೆಗೆ ಬಂದರೆ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. ಬೇಡಿ ಅತ್ತೆ, ಕೂತ್ಕೊಳ್ಳಿ ಎಂದರೆ, ಅಳಿಯಂದ್ರು ನಿಂತಿರೋವಾಗ ನಾನು ಹೇಗೆ ಕೂರ್ಲಿ ಎನ್ನುತ್ತಿದ್ದರು. ಮದುವೆಯ ದಿನ ಹಿತ್ತಾಳೆಯ ತಟ್ಟೆಯಲ್ಲಿ ಅವನ ಕಾಲಿಟ್ಟು ಮಾವ ತೊಳೆದಿದ್ದರು, ಅತ್ತೆ ಚೊಂಬಿನಿಂದ ನೀರು ಬಿಟ್ಟಿದ್ದರು. ಅವನ ಹಿಮ್ಮಡಿ ಒಡೆದು ಬಿರುಕು ಬಿಟ್ಟಿತ್ತು, ಫೋಟೋದವನು ಬಗ್ಗಿದ್ದ, ಅತ್ತೆ ಏನೂ ಕಾಣದವರಂತೆ ಸೆರಗನ್ನು ಸರಿಮಾಡಿಕೊಳ್ಳುವ ನೆಪದಲ್ಲಿ ಕ್ಯಾಮೆರಾಕ್ಕೆ ಅಡ್ಡ ಬಂದಿದ್ದರು. ಆ ಫೋಟೋದಲ್ಲಿ ಇವತ್ತಿಗೂ ಅವನ ಕಾಲಿನ ಜಾಗದಲ್ಲಿ ಹಸಿರು ಸೀರೆ ಇದೆ. ಭೂಮಿಯ ಮೇಲೆ ಒಬ್ಬರಾದರೂ ತನ್ನನ್ನು ದೊಡ್ಡ ಮನುಷ್ಯ ಎಂದು ತಿಳಿದಿದ್ದಾರಲ್ಲ ಎನ್ನುವುದು ಅವನಿಗೆ ಅಭ್ಯಾಸವಾಗಿ ಹೋಗಿತ್ತು. ಈಗ ಹೋಗಲಿರುವುದು ಅದೇ.

"ತೆನೆ ಕಪ್ಪಾಗ್ತಿದೆ ಚಾಮೂ," ಎಂದಳು ತನುಶ್ರೀ ಹಿಂದಿನಿಂದ.

ಅವನು ತೆನೆ ಹೊರಳಿಸಿದ. ಟೋಕಿಯೊದಲ್ಲಿ ಆ ದಿನ ಬೆಳಗಿನಿಂದ ಸೋನೆ. ಎಲ್ಲರಂತೆ ಅವನೂ ಅಂಗಡಿಯಲ್ಲಿ ಕೊಂಡ ಪಾರದರ್ಶಕ ಪ್ಲಾಸ್ಟಿಕ್ ರೇನ್‌ಕೋಟು ತೊಟ್ಟು, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದ. ಹತ್ತು ಗಂಟೆಗೆ ಮಳೆ ನಿಂತಿತು. ಮಾವ, ತನುಶ್ರೀ, ಅದಿತಿ ಮೂವರೂ ಶೌಚಾಲಯದ ಸಾಲಿಗೆ ಹೋದರು. ಆ ಸಾಲು ಕೊಳವನ್ನು ಅರ್ಧ ಸುತ್ತಿತ್ತು. ಅತ್ತೆ ಮತ್ತು ಅವನು ಒಂದು ಮುದಿ ಮರದ ಹತ್ತಿರ ಉಳಿದರು. ಮರದ ತಗ್ಗಿನ ಕೊಂಬೆಗಳಿಗೆ ಕಂಬದ ಊರುಗೋಲು ಕೊಟ್ಟು, ಊರಿದ ಜಾಗಕ್ಕೆ ಹುಲ್ಲಿನ ಚಾಪೆ ಸುತ್ತಿದ್ದರು. ಸುತ್ತಲಿನ ಮರಗಳ ಬುಡದಲ್ಲೆಲ್ಲ ಜನ ನೀಲಿ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕು ಮೂಲೆಗೆ ಚಪ್ಪಲಿ ಇಟ್ಟು, ನೆಂಟರಿಗಾಗಿ ಕಾಯುತ್ತಿದ್ದರು. ಹೂವಿನ ಕೆಳಗೆ ಕೂತು ಊಟ ಮಾಡುವುದು ಅವರ ಪದ್ಧತಿ. ಚಾಮರಾಜನಿಗೆ ಅದು ಗೊತ್ತಿತ್ತು, ವಾರಗಟ್ಟಲೆ ಓದಿಕೊಂಡಿದ್ದ, ಹೇಳಬಹುದಿತ್ತು. ಅವನು ಫೋನಿನಲ್ಲಿ ಆಫೀಸಿನ ಮೇಲ್ ಓದುತ್ತಿದ್ದ. ಯಾವುದೋ ಪಂಪಿನ ಬಿಡಿಭಾಗ ಅವನು ಹೇಳಿದ ದಿನಕ್ಕೆ ಬಂದಿರಲಿಲ್ಲ, ಕಾರಣ ಕೇಳಿದ್ದರು, ನಾಲ್ಕು ಜನಕ್ಕೆ ಪ್ರತಿ ಕಳಿಸಿದ್ದರು, ಆ ನಾಲ್ಕು ಹೆಸರುಗಳನ್ನು ಅವನು ಮತ್ತೆ ಮತ್ತೆ ಓದುತ್ತಿದ್ದ.

"ನೋಡಿ ಅಳಿಯಂದ್ರೆ, ಇವ್ರೂ ನಮ್ಮ ಹಾಗೇ ಬುಡಕ್ಕೆ ಹಾಸಿದಾರೆ," ಎಂದಿದ್ದರು ಅತ್ತೆ.

"ಹೂಂ ಅತ್ತೆ."

"ಎಲ್ಲಾ ಕಡೆ ದೇವ್ರು ಒಂದೇ ನೋಡಿ. ಎರಡು ದಿನದಿಂದ ಹೂವಿಲ್ದೇ ಪೂಜೆ ಆಗಿದೆ. ನಾನೂ ಒಂದು ಹಿಡಿ ಉದುರಿಸ್ಕೊಳ್ಲಾ?"

"ಹೂಂ."

ಅವನು ಹೂಂ ಎಂದಿದ್ದ. ಎರಡು ಸಲ ಎಂದಿದ್ದ. ಅವರ ಊರಿನ ಹಿತ್ತಲಲ್ಲಿ ಪಾರಿಜಾತದ ಗಿಡವಿದೆ. ಬೆಳಗಿನ ಜಾವ ಬುಡಕ್ಕೆ ಮಡಿಬಟ್ಟೆ ಹಾಸಿ, ಮೆಲ್ಲಗೆ ಕೊಂಬೆ ಅಲ್ಲಾಡಿಸಿದರೆ ಹೂ ಮಣ್ಣು ಮುಟ್ಟದೆ ಬಟ್ಟೆಗೆ ಬೀಳುತ್ತದೆ; ಪಾರಿಜಾತವನ್ನು ಕೀಳುವುದಿಲ್ಲ, ಹಾಗೆ ಉದುರಿಸಿಯೇ ಪೂಜೆಗೆ ತರುತ್ತಾರೆ. ಅರವತ್ತು ವರ್ಷ ಅದನ್ನೇ ಮಾಡಿದ ಹೆಂಗಸು, ನೂರಾರು ಮರಗಳ ಕೆಳಗೆ ನೂರಾರು ಹಾಳೆ ಕಂಡಾಗ ಬೇರೇನು ತಿಳಿದಾರು? ಎಷ್ಟು ಭಕ್ತಿಯ ದೇಶ ಎಂದು ಅವರಿಗೆ ಕಣ್ಣು ತುಂಬಿ ಬಂದಿತ್ತೋ ಏನೋ. ಅತ್ತೆ ರೇನ್‌ಕೋಟು ಕಳಚಿ, ಹೆಗಲ ಮೇಲಿನ ಕಂದು ಶಾಲನ್ನು ಮರದ ಕೆಳಗೆ ಹಾಸಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಎರಡೂ ಕೈಯಿಂದ ತಗ್ಗಿನ ಕೊಂಬೆ ಹಿಡಿದು ಅಲ್ಲಾಡಿಸಿದರು. ಬಿಳಿಯ ಪಕಳೆಗಳು ಸುರಿದವು, ಯಾರೋ ಮಗು ಚಪ್ಪಾಳೆ ತಟ್ಟಿತು, ಅತ್ತೆ ನಗುತ್ತ ಇನ್ನೊಮ್ಮೆ ಅಲ್ಲಾಡಿಸಿದರು, ಲಟ್ ಎಂದು ಕೊಂಬೆ ಮುರಿದು ಅವರ ಕೈಗೇ ಬಂತು.

ಆಮೇಲಿನ ಮೌನವನ್ನು ಚಾಮರಾಜ ಈ ಆರು ದಿನದಲ್ಲಿ ಎಷ್ಟೋ ಸಲ ಕೇಳಿದ್ದಾನೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ. ನೂರು ಜನ ಒಟ್ಟಿಗೆ ಉಸಿರನ್ನು ಒಳಗೆಳೆದುಕೊಂಡರು, ಅಷ್ಟೇ. ತೋಳಿಗೆ ಹಸಿರು ಪಟ್ಟಿ ಕಟ್ಟಿದ ಒಬ್ಬ ಮುದುಕ ಓಡಿ ಬಂದು, ಅತ್ತೆಯ ಕೈಯಲ್ಲಿದ್ದ ಕೊಂಬೆಯನ್ನು ಎರಡು ಕೈಯೊಡ್ಡಿ ಇಸಿದುಕೊಂಡ, ಎಳೆಗೂಸನ್ನು ಇಸಿದುಕೊಳ್ಳುವ ಹಾಗೆ. ಹಿಂದೆಯೇ ಟೋಪಿ ತೊಟ್ಟ ಕಾವಲಿನವನೊಬ್ಬ ಬಂದ. ಸುತ್ತಲೂ ಫೋನುಗಳು ಮೇಲೆದ್ದವು. ಅತ್ತೆ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿ, ಕೊನೆಗೆ ಅಳಿಯನನ್ನು ನೋಡಿದರು. ಅವರ ಕೂದಲಿನಲ್ಲಿ ಪಕಳೆಗಳಿದ್ದವು. ಅವರ ದೃಷ್ಟಿ ಹೋದ ದಾರಿಯಲ್ಲೇ ಕಾವಲಿನವನ ದೃಷ್ಟಿಯೂ ಬಂತು. ಅವನು ಚಾಮರಾಜನ ಹತ್ತಿರ ಬಂದು, ತಲೆ ಬಾಗಿಸಿ, ಎರಡೇ ಮಾತು ಕೇಳಿದ.

"ಯುವರ್ ಮದರ್?"

"ನೋ," ಎಂದ ಚಾಮರಾಜ. "ನೋ, ನೋ. ಐ ಡೋಂಟ್ ನೋ ಹರ್."

ಹಾಗೆಂದದ್ದು ಸಾಲದೆಂಬಂತೆ ಅವನು ಒಂದು ಹೆಜ್ಜೆ ಹಿಂದೆ ಸರಿದ. ಅದೂ ಸಾಲದೆಂಬಂತೆ ಕೈಯಲ್ಲಿದ್ದ ಫೋನನ್ನು ಉಳಿದವರಂತೆ ಮೇಲೆತ್ತಿ, ಅತ್ತೆಯ ಕಡೆಗೆ ಹಿಡಿದು, ಫೋಟೋ ತೆಗೆದ. ಪರದೆಯ ಮೇಲೆ ಅತ್ತೆ ಅವನನ್ನೇ ನೋಡುತ್ತಿದ್ದರು.

ಯಾರಾದರೂ ಹೆದರಿಸಿದ್ದರೇ? ಇಲ್ಲ. ಜೈಲಿಗೆ ಹಾಕುತ್ತಿದ್ದರೇ? ಇಲ್ಲ. ಮುದುಕ, ಕಾವಲಿನವ ಇಬ್ಬರೂ ಅತ್ತೆಯನ್ನು ಮರದ ಆಚೆಯ ಒಂದು ಗುಡಿಸಿಲಿನಂಥ ಕೋಣೆಗೆ ಕರೆದುಕೊಂಡು ಹೋದರು. ಇಪ್ಪತ್ತು ಹೆಜ್ಜೆ ಹಿಂದೆ, ಯಾರೋ ಪ್ರವಾಸಿಯಂತೆ, ಇವನು ಹೋಗಿ ಹೊರಗೆ ನಿಂತ. ಕಿಟಕಿಯಲ್ಲಿ ಕಾಣುತ್ತಿತ್ತು. ಅವರನ್ನು ಕೂರಿಸಿ ಬಿಸಿ ಚಹಾ ಕೊಟ್ಟರು. ಒಬ್ಬ ಯುವತಿ ಬಂದು ಕೈಸನ್ನೆ ಮಾಡಿ ಏನೋ ತಿಳಿಸಿ ಹೇಳಿದಳು. ಅತ್ತೆ ಎದ್ದು ನಿಂತು ಮುದುಕನಿಗೆ ಕೈ ಮುಗಿದರು, ಮುದುಕ ಸೊಂಟದವರೆಗೆ ಬಗ್ಗಿದ, ಅತ್ತೆಯೂ ಬಗ್ಗಿದರು. ಹತ್ತು ನಿಮಿಷದ ಮಾತು. ನಾನು ಇವರ ಅಳಿಯ, ತಪ್ಪಾಯಿತು ಎಂದು ಎರಡು ವಾಕ್ಯ ಹೇಳಿದ್ದರೆ ಅವನಿಗೂ ಒಂದು ಲೋಟ ಚಹಾ ಸಿಗುತ್ತಿತ್ತು. ಹೊರಬಂದ ಅತ್ತೆಗೆ ಶಾಲನ್ನು ಆ ಯುವತಿ ಮಡಿಸಿ ಕೊಟ್ಟಿದ್ದಳು. ಅವರು ಇವನನ್ನು ಕಂಡು, "ಅವ್ರೆಲ್ಲ ಬಂದ್ರಾ?" ಎಂದು ಮಾತ್ರ ಕೇಳಿದರು. ಇಲ್ಲ ಎಂದ. ಅಷ್ಟರಲ್ಲಿ ದೂರದಿಂದ ಅದಿತಿ ಐಸ್‌ಕ್ರೀಮ್ ಎತ್ತಿ ತೋರಿಸುತ್ತ ಬಂದಳು.

ಆ ರಾತ್ರಿಯೇ ಹೋಟೆಲಿನ ಬಚ್ಚಲಲ್ಲಿ ನಿಂತು ಫೋಟೋ ಅಳಿಸಿದ. ಇದು ಇನ್ನೂ ಮೂವತ್ತು ದಿನ ಇಲ್ಲೇ ಇರುತ್ತದೆ ಎಂದು ಫೋನು ತಿಳಿಸಿತು. ಅಲ್ಲಿಂದಲೂ ಅಳಿಸಿದ. ಆಮೇಲೆ ವಕೀಲನಂತೆ ವಾದ ಹೂಡಿಕೊಂಡ. ಕಾವಲಿನವನು ಕೇಳಿದ್ದು ತಾಯಿಯೇ ಎಂದು. ತಾಯಿ ಅಲ್ಲ. ನಿಜವನ್ನೇ ಹೇಳಿದ್ದೇನೆ. ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗಿತ್ತು ಆ ವಾದ. ಅವನಿಗೇ ತನ್ನ ಮೇಲೆ ಹೇಸಿಗೆಯಾಯಿತು. ಮೊದಲ ನೋ ಬಾಯಿಂದ ತಾನಾಗಿ ಬಿತ್ತು ಎಂದು ಬಿಡೋಣ, ಎರಡನೆಯದು? ಮೂರನೆಯದು? ಇವರು ಯಾರೋ ಗೊತ್ತಿಲ್ಲ ಎಂದದ್ದು? ಆ ಫೋಟೋ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತನ್ನೊಳಗೆ ಇಂಥವನೊಬ್ಬ ಇಷ್ಟು ಸಿದ್ಧವಾಗಿ, ಸ್ನಾನ ಮಾಡಿ ಬಟ್ಟೆ ಹಾಕಿಕೊಂಡು, ಕರೆಯುವುದನ್ನೇ ಕಾಯುತ್ತ ಕೂತಿದ್ದಾನೆ ಎಂಬುದು ಅವನಿಗೆ ನಲವತ್ತೊಂದು ವರ್ಷ ಗೊತ್ತೇ ಇರಲಿಲ್ಲ. ಮದರ್ ಎಂಬ ಮಾತು, ನೋ ಎಂಬ ಮಾತು, ಯಾವ ಊರಿನ ಯಾವ ಹೆಂಗಸಿಗೆ ಅರ್ಥವಾಗುವುದಿಲ್ಲ? ಆದರೆ ದೂರವಿದ್ದರು, ಗಾಬರಿಯಲ್ಲಿದ್ದರು, ಜನ ಗುಜುಗುಜು ಎನ್ನುತ್ತಿದ್ದರು. ಕೇಳಿಸಿರಲಿಕ್ಕಿಲ್ಲ ಎಂದು ಬೆಳಗಿನ ಹೊತ್ತು ಅನ್ನಿಸುತ್ತಿತ್ತು, ಮಧ್ಯಾಹ್ನವಾದರೆ ಕೇಳಿಸಿದೆ ಅನ್ನಿಸುತ್ತಿತ್ತು.

"ಜಪಾನ್ ಅಂದ್ಮೇಲೆ ನೆನಪಾಯ್ತು ನೋಡಿ," ಎಂದ ಉದಯಶಂಕರ್. ಚಾಮರಾಜ ತೆನೆಗಳನ್ನು ದೊಡ್ಡ ತಟ್ಟೆಗೆ ಹಾಕಿಕೊಂಡು ಅದೇ ತಾನೇ ಮೇಜಿನ ಹತ್ತಿರ ಬಂದಿದ್ದ. "ಗ್ರೂಪಲ್ಲಿ ಯಾರೋ ಒಂದು ವಿಡಿಯೋ ಹಾಕಿದಾರೆ. ಬ್ರಿಸ್ಬೇನ್ ಗ್ರೂಪಲ್ಲೂ ಬಂತು, ಅಡಿಲೇಡಿಂದ ನಮ್ಮ ಭಾವನೂ ಕಳಿಸಿದ. ನಮ್ಮೋರೇ ಯಾರೋ ಒಬ್ಬ ಆಂಟಿ, ಜಪಾನಿಗೆ ಹೋಗಿ ಆ ಮರ ಹಿಡ್ಕೊಂಡು ಅಲ್ಲಾಡಿಸಿ ಕೊಂಬೆ ಮುರ್ದು ಹಾಕ್ಬಿಟ್ಟಿದಾರೆ. ಮಾನ ಮರ್ಯಾದೆ ಎಲ್ಲಾ ಹರಾಜು. ನೋಡಿ, ನೋಡಿ."

ಫೋನು ಕೈಯಿಂದ ಕೈಗೆ ಹೋಯಿತು. ಅಲ್ಲಲ್ಲಿ ಕತ್ತರಿಸಿ ಜೋಡಿಸಿದ ಹನ್ನೆರಡು ಸೆಕೆಂಡಿನ ವಿಡಿಯೋ, ಮಾತಿರಲಿಲ್ಲ, ಅದಕ್ಕೆ ಯಾವುದೋ ಕುಣಿತದ ಸಂಗೀತ ಅಂಟಿಸಿದ್ದರು. ಸೆರಗು ಸಿಕ್ಕಿಸಿದ ಹೆಂಗಸೊಬ್ಬಳ ಬೆನ್ನು, ಸುರಿಯುವ ಹೂ, ಮುರಿಯುವ ಕೊಂಬೆ, ಮೇಲೆದ್ದ ಫೋನುಗಳು. ಗೀತಾ ಬಾಯಿಗೆ ಕೈ ಇಟ್ಟುಕೊಂಡಳು. ಅದಿತಿ "ಓ ಮೈ ಗಾಡ್, ದಟ್ಸ್ ಸೋ ಎಂಬರಾಸಿಂಗ್," ಎಂದಳು. ಚಾಮರಾಜನ ಕೈಯಲ್ಲಿದ್ದ ತಟ್ಟೆ ಓರೆಯಾಗಿ ಒಂದು ತೆನೆ ಸಿಮೆಂಟಿನ ಮೇಲೆ ಬಿದ್ದು ಉರುಳಿತು. ಯಾರೂ ಅದನ್ನು ನೋಡಲಿಲ್ಲ.

"ಅದಕ್ಕಿಂತ ಮಜಾ ಇದು," ಎಂದು ಉದಯಶಂಕರ್ ಬೆರಳಿಟ್ಟು ಪರದೆಯನ್ನು ಹಿಗ್ಗಿಸಿದ. "ಇಲ್ಲಿ ಈ ಪ್ಲಾಸ್ಟಿಕ್ ಕೋಟಿನ ಆಸಾಮಿ. ಇವನೂ ನಮ್ಮೋನೇ ಇರ್ಬೇಕು, ನಿಂತಿರೋ ಸ್ಟೈಲ್ ನೋಡಿ. ಆ ಯಮ್ಮನ್ನ ತಡೆಯೋದು ಬಿಟ್ಟು ಫೋಟೋ ತೆಗೀತಾ ನಿಂತಿದಾನೆ. ಏನ್ ಜನ ಅಂತೀನಿ!"

ಚಾಮರಾಜನಿಗೆ ತನ್ನ ಬೆನ್ನು ಕಾಣಿಸಿತು. ಟೋಪಿ, ಎತ್ತಿದ ಎರಡು ಕೈ. ಯಾರ ಬೆನ್ನಾದರೂ ಆಗಬಹುದಾದ ಬೆನ್ನು. ತಟ್ಟೆಯನ್ನು ಇಟ್ಟು ಮೇಜಿನ ಅಂಚು ಹಿಡಿದುಕೊಂಡ. ನಾನೇ ಅದು ಎಂದು ಈಗ ಹೇಳಬೇಕು. ಬಾಯಿ ತೆರೆದ.

"ತಾ ಇಲ್ಲಿ," ಎಂದು ಅತ್ತೆ ಕೈ ಚಾಚಿದರು. ಕನ್ನಡಕ ಹಾಕಿಕೊಂಡು ವಿಡಿಯೋವನ್ನು ಮೊದಲಿಂದ ಕೊನೆಯವರೆಗೆ ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, "ಅದು ನಾನೇ ಕಣಪ್ಪ," ಎಂದರು.

ಪಕ್ಕದ ಮನೆಯ ಯಂತ್ರ ಅದೇ ಹೊತ್ತಿಗೆ ನಿಂತಿತು. ಉದಯಶಂಕರನ ಮುಖದ ಮೇಲಿನ ನಗು ಎಲ್ಲಿ ಹೋಗಬೇಕೆಂದು ತಿಳಿಯದೆ ಅಲ್ಲೇ ಉಳಿದಿತ್ತು. ಮಾವ, "ಏನಂದೆ?" ಎಂದರು. ತನುಶ್ರೀ, "ಅಮ್ಮಾ!" ಎಂದವಳು ಕುರ್ಚಿಯ ತುದಿಗೆ ಬಂದಳು.

"ನೀವೆಲ್ಲ ಆ ಕಡೆ ಹೋಗಿದ್ರಲ್ಲ, ಆವಾಗ. ಎಲ್ರೂ ಬುಡಕ್ಕೆ ಹಾಸಿದ್ರು, ಪೂಜೆಗೆ ಹೂ ಉದುರಿಸ್ತಾರೇನೋ ಅಂದ್ಕೊಂಡೆ. ನಮ್ಮ ಪಾರಿಜಾತದ ಹಾಗೆ."

"ಯಾರನ್ನಾದ್ರೂ ಒಂದು ಮಾತು ಕೇಳ್ಬಾರ್ದಾಮ್ಮ?"

"ಕೇಳ್ಬೇಕಿತ್ತು," ಎಂದರು ಅತ್ತೆ. "ಕೇಳ್ಲಿಲ್ಲ. ನನ್ನ ತಪ್ಪೇ."

ಚಾಮರಾಜ ಅವರ ಮುಖ ನೋಡಿದ. ಅವರು ಅವನನ್ನು ನೋಡಲಿಲ್ಲ.

"ಮತ್ತೆ ಚಾಮೂ ಎಲ್ಲಿದ್ದ? ನಿನ್ನ ಜೊತೇಲೇ ಇದ್ದನಲ್ಲ?" ಎಂದಳು ತನುಶ್ರೀ.

ಇದೋ ಬಂತು. ಅವನು ಕಣ್ಣು ಮುಚ್ಚಿಕೊಂಡ.

"ಅಳಿಯಂದ್ರು ನಂಗೆ ನೀರು ತರೋಕೆ ಹೋಗಿದ್ರು," ಎಂದರು ಅತ್ತೆ. "ಗಲಾಟೆ ಕೇಳಿ ಓಡ್ಬಂದ್ರು. ಅಲ್ಲಿಯ ಕಾವಲಿನೋನು, ನಿಮ್ಮ ತಾಯಿನಾ ಅಂತ ಕೇಳ್ದ. ಹೌದು, ನಮ್ಮ ತಾಯಿ ಅಂದ್ರು. ನನ್ನ ಮುಂದೆ ಅಡ್ಡ ನಿಂತ್ಕೊಂಡು, ಅವ್ರಿಗೇನೂ ಅನ್ಬೇಡಿ, ಏನಿದ್ರೂ ನನಗನ್ನಿ ಅಂದ್ರು. ಒಳಗಡೆ ಕರ್ಕೊಂಡು ಹೋದಾಗ್ಲೂ ನನ್ನ ಪಕ್ಕ ಬಿಟ್ಟು ಕದಲ್ಲಿಲ್ಲ. ಯಾರಿಗೂ ಹೇಳ್ಬೇಡಿ ಅಂತ ನಾನೇ ಅಂದಿದ್ದೆ, ನಾಚ್ಕೆ ಆಗಿ. ಸ್ವಂತ ಮಗ ಇದ್ದಿದ್ರೂ ಅಷ್ಟು ಮಾಡ್ತಿರ್ಲಿಲ್ಲ."

"ಮತ್ತೆ ಈ ಕೋಟಿನವನು?" ಎಂದ ಉದಯಶಂಕರ್, ಮಾತಾಡಲು ಏನಾದರೊಂದು ಸಿಕ್ಕರೆ ಸಾಕೆಂಬಂತೆ.

ಅತ್ತೆ ಫೋನಿನ ಕಡೆ ಇನ್ನೊಮ್ಮೆ ನೋಡಲೂ ಇಲ್ಲ.

"ಅವನ್ಯಾರೋ. ನಂಗೊತ್ತಿಲ್ಲ," ಎಂದರು.

ಚಾಮರಾಜ ತಾನು ಸತ್ತು ಬದುಕಿದೆ ಎಂದುಕೊಳ್ಳಬೇಕಿತ್ತು. ಆದರೆ ಈಗ ಗೊತ್ತಾಯಿತು ಎಂದುಕೊಂಡ. ಎಲ್ಲ ಕೇಳಿಸಿದೆ. ಕಾವಲಿನವನ ಪ್ರಶ್ನೆ, ಇವನ ಉತ್ತರ, ಮೂರು ನೋ, ಯಾವುದೂ ತಪ್ಪಿಲ್ಲ. ಇಲ್ಲದಿದ್ದರೆ ಇಷ್ಟು ಸರಿಯಾಗಿ ತಲೆಕೆಳಗು ಮಾಡಿ ಹೇಳಲು ಬರುವುದಿಲ್ಲ. ಅವರು ಹೇಳಿದ್ದರಲ್ಲಿ ಇದ್ದ ಮನುಷ್ಯ ಎಷ್ಟು ಚೆನ್ನಾಗಿದ್ದ! ಅವನು ನಡೆಯಬೇಕಾಗಿದ್ದ ದಾರಿಯನ್ನೆಲ್ಲ ಅತ್ತೆ ಹೆಜ್ಜೆ ಹೆಜ್ಜೆಯಾಗಿ ನಡೆದು ತೋರಿಸಿದ್ದರು. ಮಾವ ಎದ್ದು ಬಂದು, "ದೊಡ್ಡೋರು ಕಣ್ರೀ ನೀವು," ಎಂದು ಅವನ ಕೈ ಹಿಡಿದುಕೊಂಡರು. ಮುದುಕರ ಅಂಗೈ ಬಿಸಿಯಾಗಿತ್ತು. ಗೀತಾ ಗಂಡನಿಗೆ, "ಕಲ್ತುಕೊಳ್ಳಿ," ಎಂದಳು. ಉದಯಶಂಕರ್ ಹತ್ತು ಸಲ ಸಾರಿ ಆಂಟಿ ಎಂದ, ಆ ವಿಡಿಯೋವನ್ನು ಎಲ್ಲರೆದುರೇ ಅಳಿಸಿದ. ತನುಶ್ರೀ ಅವನ ಹತ್ತಿರ ಬಂದು ನಿಂತಳು. "ಒಂದು ಮಾತೂ ಹೇಳ್ಲಿಲ್ವಲ್ಲ ನನಗೆ," ಎಂದು ಅವನ ತೋಳಿಗೆ ಹಣೆಯಿಟ್ಟಳು. ಎಷ್ಟು ವರ್ಷವಾಗಿತ್ತು ಅವಳು ಹಾಗೆ ಹಣೆಯಿಟ್ಟು. ಅವಳ ಕೂದಲಿನ ವಾಸನೆ ಮೂಗಿಗೆ ಬಂದು ಅವನಿಗೆ ಅಳು ಉಕ್ಕಿತು. ಅವಳು ಅದನ್ನು ಬೇರೆ ಏನೋ ಎಂದುಕೊಂಡು ಬೆನ್ನು ಸವರಿದಳು. ಬೇಡ, ಮುಟ್ಟಬೇಡ ಎಂದು ಕೂಗಿಬಿಡಬೇಕು ಎನ್ನಿಸಿತು. ಕೂಗಲಿಲ್ಲ. ಆ ಒಂದು ನಿಮಿಷ, ಅತ್ತೆ ಹೇಳಿದ ಅಳಿಯನಾಗಿ ನಿಂತಿರುವುದು ಅವನಿಗೆ ಹಿತವಾಗಿಯೂ ಇತ್ತು, ಅದೇ ಎಲ್ಲಕ್ಕಿಂತ ದೊಡ್ಡ ನಾಚಿಕೆ.

ಎಲ್ಲರೂ ತಿಂದರು. ಮಾತು ತಿರುಗಿಸಲೆಂದು ಮಾವ ಮತ್ತೆ ರೈಲಿನ ಮಾತು ತೆಗೆದರು. ಅತ್ತೆ ಎರಡು ತೆನೆಯ ಕಾಳು ಬಿಡಿಸಿ ಅದಿತಿಯ ತಟ್ಟೆಗೆ ಹಾಕಿ, ಒಣಗಿದ ಬಟ್ಟೆ ತರುತ್ತೇನೆಂದು ಎದ್ದು ಮನೆಯ ಪಕ್ಕದ ಓಣಿಗೆ ಹೋದರು. ಸ್ವಲ್ಪ ತಡೆದು ಚಾಮರಾಜನೂ ಹೋದ. ಗಾಡಿಗೆ ದಾರಿಯಿಲ್ಲದ ಆ ಕಿರಿದಾದ ಜಾಗದಲ್ಲಿ, ಬೂದು ಬಣ್ಣದ ತಗಡಿನ ಬೇಲಿಗೂ ಇಟ್ಟಿಗೆಯ ಗೋಡೆಗೂ ನಡುವೆ, ಅತ್ತೆ ಹಗ್ಗದಿಂದ ಕ್ಲಿಪ್ಪು ಬಿಡಿಸುತ್ತಿದ್ದರು. ಅವನದೇ ಶರ್ಟುಗಳು.

"ಅತ್ತೆ," ಎಂದ. "ನಾನು ಅವತ್ತು..."

"ಬಿಡಿ," ಎಂದರು ಅತ್ತೆ. ಶರ್ಟನ್ನು ಒದರಿ, ತೋಳುಗಳನ್ನು ಒಳಕ್ಕೆ ಮಡಿಸಿದರು.

"ಯಾಕೆ ಹಾಗೆ ಹೇಳಿದ್ರಿ? ಇದ್ದಿದ್ದು ಇದ್ದ ಹಾಗೆ ಹೇಳ್ಬಿಡ್ಬೇಕಿತ್ತು. ನಾನು ಅದಕ್ಕೇ ತಕ್ಕೋನು."

"ಹೇಳ್ಬಿಡ್ಬಹುದಿತ್ತು," ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ, ಅವನು ಹುಡುಕಿದ, ಇರಲಿಲ್ಲ. "ಆದ್ರೆ ನನ್ನ ಮಗಳು ನಿಮ್ಜೊತೆ ಬಾಳ್ಬೇಕಲ್ಲ. ಅವ್ಳು ದಿನಾ ಬೆಳಗ್ಗೆ ಎದ್ದು ನಿಮ್ಮ ಮುಖ ನೋಡ್ಬೇಕಲ್ಲ. ಅದಕ್ಕೆ ಹೇಳ್ದೆ. ನಿಮಗೋಸ್ಕರ ಅಲ್ಲ."

ಅವನು ಗೋಡೆಗೆ ಕೈ ಕೊಟ್ಟು ನಿಂತ. ಇಟ್ಟಿಗೆ ಬಿಸಿಲಿಗೆ ಕಾದಿತ್ತು.

"ಅವ್ರೆಲ್ಲ ಫೋನ್ ಹಿಡ್ಕೊಂಡಾಗ ನಂಗೆ ಭಯ ಆಗ್ಲಿಲ್ಲ ಅಳಿಯಂದ್ರೆ. ನಮ್ಮೋರು ಒಬ್ರು ಇದಾರೆ ಅನ್ಕೊಂಡಿದ್ದೆ. ಆಮೇಲೆ ನೀವೂ ಹಿಡ್ಕೊಂಡ್ರಲ್ಲ," ಎಂದರು ಅತ್ತೆ. ಅಷ್ಟು ಹೇಳಿ ಬಹಳ ಹೊತ್ತು ಇನ್ನೊಂದು ಕ್ಲಿಪ್ಪು ಬಿಡಿಸಲು ನೋಡಿದರು, ಅದು ಬಿಸಿಲಿಗೆ ಸೆಡೆತು ಬರಲಿಲ್ಲ, ಅವನು ಕೈ ಚಾಚಿದ, ಅವರು ಬೇಡವೆಂದು ತಾವೇ ಬಿಡಿಸಿದರು. "ನಮ್ಮ ಟಿಕೆಟ್ ಜೂನಿಗಲ್ವಾ ಇರೋದು. ಅದನ್ನ ಸ್ವಲ್ಪ ಮುಂಚೆ ಮಾಡ್ಸಿ. ಇವ್ರಿಗೆ ಶುಗರ್ ಜಾಸ್ತಿ ಆಗಿದೆ, ನಮ್ಮ ಡಾಕ್ಟರನ್ನೇ ನೋಡ್ಬೇಕು ಅಂತ ತನೂಗೆ ನಾನೇ ಹೇಳ್ತೀನಿ. ನೀವು ಹೌದು ಅಂದ್ರೆ ಸಾಕು."

"ಅತ್ತೆ, ಬೇಡಿ. ತಪ್ಪಾಯ್ತು ಅತ್ತೆ. ಕಾಲಿಗೆ ಬೇಕಾದ್ರೆ..."

"ಫೋನಲ್ಲೇ ಆಗುತ್ತಂತಲ್ಲ. ನೋಡಿ ಈಗ್ಲೇ."

ಹಿತ್ತಲಿನಿಂದ ಮಾವನ ಮಾತಿಗೆ ಎಲ್ಲರೂ ನಕ್ಕ ಸದ್ದು ಬಂತು, ತನುಶ್ರೀಯ ನಗುವೂ ಅದರಲ್ಲಿತ್ತು. ಚಾಮರಾಜ ಫೋನು ತೆಗೆದ. ಬೆರಳು ಎರಡು ಸಲ ತಪ್ಪು ಕಡೆ ಒತ್ತಿತು. ಅತ್ತೆ ಮಡಿಸಿದ ಬಟ್ಟೆಗಳನ್ನು ಎದೆಗೆ ಅವಚಿಕೊಂಡು, ಅವನ ಮುಂದೆ ನೆಟ್ಟಗೆ ನಿಂತು ಕಾಯುತ್ತಿದ್ದರು.

"ಮುಂದಿನ ಗುರುವಾರ ಎರಡು ಸೀಟಿದೆ ಅತ್ತೆ," ಎಂದ ಅವನು ಕೊನೆಗೆ.

"ಅದಕ್ಕಿಂತ ಮುಂಚೆ ಯಾವುದೂ ಇಲ್ವಾ?" ಎಂದರು ಅತ್ತೆ.